ಗೊಬ್ಬರದ ಅಂಗಡಿಯಲ್ಲಿ ಗಿಟಾರು

ಊರು ಅಂದ ಮೇಲೆ ಅಲ್ಲಿ ಒಂದಿಷ್ಟು ಹುಚ್ಚುಗಳು ಇರಲೇಬೇಕು. ನಮ್ಮ ಆಡಕಿಯಲ್ಲಿ ಒಬ್ಬರಿಗೆ ಎತ್ತಿನ ಹುಚ್ಚು. ತೊಗರಿ ಮಾರಿದ ರೊಕ್ಕ ಮನೆ ಸೇರುವ ಮೊದಲೇ ಕೊಂಬಣಸು, ಗೆಜ್ಜೆ, ಜೂಲಗಳಾಗಿ ಎತ್ತಿನ ಮೈಮೇಲೆ ಕೂತಿರುತ್ತದೆ. ಇನ್ನೊಬ್ಬರಿಗೆ ಕೋರ್ಟಿನ ಹುಚ್ಚು. ಬದುವಿನ ಒಂದು ಗೇಣು ಜಾಗಕ್ಕಾಗಿ ಸೇಡಂ ಕೋರ್ಟಿನಿಂದ ಕಲಬುರಗಿ ಕೋರ್ಟಿಗೆ ಅಲೆದು ಅಲೆದು, ಈಗ ಊರವರ ವ್ಯಾಜ್ಯಗಳಿಗೆಲ್ಲ ಪುಕ್ಕಟೆ ಸಲಹೆ ಕೊಡುವಷ್ಟು ಕಾನೂನು ಕಲಿತಿದ್ದಾರೆ. ಮತ್ತೊಬ್ಬರಿಗೆ ತೆಲುಗು ಪಿಚ್ಚರಿನ ಹುಚ್ಚು. ಹೊಸ ಪಿಚ್ಚರ್ ಬಿಡುಗಡೆಯಾದ ದಿನ ತಾಂಡೂರಿಗೆ ಹೋಗಿ ನೋಡಿ ಬರದಿದ್ದರೆ ಅವರಿಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಇವೆಲ್ಲ ಊರು ಒಪ್ಪಿಕೊಂಡ ಹುಚ್ಚುಗಳು. ವರನನ್ನು ನೋಡಲು ಬಂದ ಬೀಗರ ಮುಂದೆ ಹೇಳಿಕೊಂಡರೂ ಸಂಬಂಧ ಮುರಿಯುವುದಿಲ್ಲ. ನನ್ನ ಪಾಲಿಗೆ ಬಂದದ್ದು ಮಾತ್ರ ಯಾವ ಬೀಗರಿಗೂ ವಿವರಿಸಲಾಗದ ಹುಚ್ಚು: ಬೆಂಗಳೂರಿನ ಸ್ವರಾತ್ಮ ಎಂಬ ಬ್ಯಾಂಡಿನ ಹುಚ್ಚು.

ನನ್ನದು ಬೀಜ, ಗೊಬ್ಬರ, ಔಷಧಿ ಮಾರುವ ಸಣ್ಣ ಅಂಗಡಿ. ಮೃಗಶಿರಾ ಮಳೆ ಬಿದ್ದೊಡನೆ ಹೆಸರು, ಉದ್ದು, ತೊಗರಿ ಬೀಜಕ್ಕೆ ಜನ ಮುಗಿಬೀಳುತ್ತಾರೆ. ಆ ಗದ್ದಲದಲ್ಲೂ ಗಲ್ಲೆಯ ಹಿಂದಿನ ಸ್ಪೀಕರಿನಲ್ಲಿ ಗಿಟಾರು, ಡ್ರಮ್ಮು ನಡೆದೇ ಇರುತ್ತವೆ. ‘ಡಿಎಪಿ ಬಂದದೇನ್ರಿ?’ ಎಂದು ರೈತರು ಕಿರುಚುತ್ತಾರೆ. ‘ಇನ್ನೂ ಬಂದಿಲ್ರಿ’ ಎಂದು ನಾನು ಕಿರುಚುತ್ತೇನೆ. ‘ಮತ್ತ ಯಾಕಿಷ್ಟು ಖುಷಿಲೆ ಹಾಡು ಹಚ್ಚೀರಿ?’ ಎಂಬ ಮರುಪ್ರಶ್ನೆ ಬರುತ್ತದೆ. ಇದಕ್ಕೆ ಗೊಬ್ಬರ ಮಾರುವವರ ಬಳಿ ಉತ್ತರವಿಲ್ಲ.

ಹಾಗೆಂದು ನಮ್ಮದು ಸದ್ದಿಗೆ ಬರಗಾಲವಿದ್ದ ಸೀಮೆ ಅಂತ ಯಾರೂ ತಿಳಿಯಬಾರದು. ಸೇಡಂ, ಮಳಖೇಡ, ವಾಡಿಗಳ ಸಿಮೆಂಟ್ ಕಾರ್ಖಾನೆಗಳಿಗೆ ಹೋಗಿಬರುವ ಲಾರಿಗಳು ಹಗಲಿರುಳೂ ಗುಡುಗುತ್ತವೆ. ಶಹಾಬಾದ, ಚಿತ್ತಾಪುರದ ಕಡೆ ಪರಸಿ ಗಣಿಗಳಲ್ಲಿ ಕಲ್ಲು ಕೊಯ್ಯುವ ಮಷೀನುಗಳು ಕೂಗುತ್ತವೆ. ಮೊಹರಂ ಬಂದರೆ ಅಲಾಯಿ ಕುಣಿತದ ಹಲಗೆ, ಶ್ರಾವಣ ಬಂದರೆ ಗುಡಿಯಲ್ಲಿ ಭಜನೆ, ಲಗ್ನದ ಕಾಲ ಬಂದರೆ ಟ್ರ್ಯಾಕ್ಟರಿನ ಮೇಲೆ ಡಿಜೆ. ಆ ಡಿಜೆ ಮನೆ ಮುಂದೆ ಹಾದರೆ ಪಡಸಾಲೆಯ ಗೂಟಕ್ಕೆ ತೂಗುಹಾಕಿದ ಅಪ್ಪನ ಫೋಟೋ ಕೂಡ ಕುಣಿಯುತ್ತದೆ. ಬದುಕಿದ್ದಾಗ ಅವರು ಒಮ್ಮೆಯೂ ಕುಣಿದವರಲ್ಲ. ಇಷ್ಟೆಲ್ಲ ಇದ್ದೂ ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಒಂದು ಬ್ಯಾಂಡಿಗೆ ಮನಸ್ಸು ಕೊಡುವ ಅಗತ್ಯವೇನಿತ್ತು ಎಂದು ಕೇಳಿದರೆ, ಮನಸ್ಸು ಅಗತ್ಯ ನೋಡಿ ಹೋಗುವ ಪ್ರಾಣಿಯಲ್ಲ ಎಂದಷ್ಟೇ ಹೇಳಬಲ್ಲೆ.

ನಮ್ಮ ಕಡೆಯ ಎಲ್ಲರಂತೆ ನಾನೂ ಹರೆಯದಲ್ಲಿ ದುಡಿಯಲೆಂದು ಬೆಂಗಳೂರಿಗೆ ಹೋದವನು. ಕೊರಿಯರ್ ಆಫೀಸಿನಲ್ಲಿ ಕೆಲಸ. ನಾಲ್ಕಾರು ಜನ ಕೂಡಿ ಹಿಡಿದ ಖೋಲಿಯಲ್ಲಿ ವಾಸ. ಜೊತೆಗಿದ್ದ ಮೈಸೂರಿನ ಗೆಳೆಯ ಒಂದು ಭಾನುವಾರ ಸಂಜೆ ಪುಕ್ಕಟೆ ಕಾರ್ಯಕ್ರಮವಿದೆ ಎಂದು ಎಳೆದುಕೊಂಡು ಹೋದ. ಪುಕ್ಕಟೆ ಎಂಬ ಮಾತಿಲ್ಲದಿದ್ದರೆ ನಾನು ಹೋಗುತ್ತಿರಲಿಲ್ಲ. ವೇದಿಕೆಯ ಮೇಲೆ ಬಣ್ಣಬಣ್ಣದ ಅಂಗಿಯ ಹುಡುಗರು. ಒಬ್ಬ ಡ್ರಮ್ಮಿನ ಹಿಂದೆ, ಒಬ್ಬ ಢೋಲಕ್ಕಿನ ಮುಂದೆ, ಒಬ್ಬನ ಕೊರಳಡಿಯಲ್ಲಿ ಪಿಟೀಲು. ನಡುವೆ ಹಾಡುವವನು ಇದ್ದಕ್ಕಿದ್ದಂತೆ ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ಕುಣಿಯಲು ತೊಡಗಿದ. ಜಾತ್ರೆಯಲ್ಲಿ ಕಂಡಿದ್ದ ಕುದುರೆ ಬೆಂಗಳೂರಿನ ಲೈಟುಗಳ ಕೆಳಗೆ ಎಲೆಕ್ಟ್ರಿಕ್ ಗಿಟಾರಿಗೆ ಹೆಜ್ಜೆ ಹಾಕುತ್ತಿದೆ! ಪರ ಊರಿನಲ್ಲಿ ನಮ್ಮ ಓಣಿಯವರೊಬ್ಬರು ಎದುರಾದರೆ ಎಷ್ಟು ಹಿಗ್ಗಾಗುತ್ತದೋ ಅಷ್ಟು ಹಿಗ್ಗಾಯಿತು. ಆ ಗೆಳೆಯ ಈಗ ಎಲ್ಲಿದ್ದಾನೋ, ಕುದುರೆ ಮಾತ್ರ ನನ್ನನ್ನು ಬಿಟ್ಟಿಲ್ಲ.

ಅಭಿಮಾನಿ ಅನ್ನಿಸಿಕೊಂಡವನು ವಂಶಾವಳಿ ಒಪ್ಪಿಸದೆ ಮುಂದೆ ಹೋಗುವಂತಿಲ್ಲ. ಕುದುರೆ ಕಟ್ಟಿ ಹಾಡುವವರು ವಾಸು ದೀಕ್ಷಿತ್. ಮೊದಲ ಆಲ್ಬಮ್ಮುಗಳ ಕಾಲಕ್ಕೆ ಬೇಸ್ ಗಿಟಾರು ಜಿಷ್ಣು ದಾಸ್‌ಗುಪ್ತಾ, ಲೀಡ್ ಗಿಟಾರು ವರುಣ್ ಮುರಳಿ, ತಾಳವಾದ್ಯ ಪವನ್ ಕುಮಾರ್, ಡ್ರಮ್ ಮಾಂಟ್ರಿ ಮ್ಯಾನುಯೆಲ್, ಪಿಟೀಲು ಸಂಜೀವ ನಾಯಕ್. ಬ್ಯಾಂಡಿನ ಹೆಸರನ್ನೇ ಹೊತ್ತ ಮೊದಲ ಆಲ್ಬಮ್ 2009ರಲ್ಲಿ ಬಂತು. 2012ರಲ್ಲಿ ‘ಟೋಪಿವಾಲೇ’, 2018ರಲ್ಲಿ ‘ರಾಹ್-ಎ-ಫಕೀರಾ’. ಕನ್ನಡ, ಹಿಂದಿ ಎರಡರಲ್ಲೂ ಹಾಡುತ್ತಾರೆ. ಕಾವೇರಿ ನೀರಿನ ಜಗಳವನ್ನು ಹೊಳೆಯೇ ಹೇಳಿಕೊಳ್ಳುವಂತೆ ಒಂದು ಹಾಡು ಕಟ್ಟಿದ್ದಾರೆ. ಟೋಪಿ ಹಾಕುವ ರಾಜಕಾರಣಿಗಳ ಮೇಲೆ ಇನ್ನೊಂದು. 2009ರಲ್ಲೇ ಬ್ರಿಟಿಷ್ ಕೌನ್ಸಿಲ್‌ನವರ ಯೋಜನೆಯೊಂದರಲ್ಲಿ ಇವರನ್ನೂ ಇನ್ನು ಮೂರು ಭಾರತೀಯ ಬ್ಯಾಂಡುಗಳನ್ನೂ ಧ್ವನಿಮುದ್ರಿಸಿದವರು ಜಾನ್ ಲೆಕಿ. ರೇಡಿಯೋಹೆಡ್ ಬ್ಯಾಂಡಿನ ‘ದ ಬೆಂಡ್ಸ್’ ಎಂಬ 1995ರ ಆಲ್ಬಮ್ಮನ್ನು ರೂಪಿಸಿದ ಅದೇ ಲೆಕಿ. ಶುಭಾ ಮುದ್ಗಲ್ ಅವರೊಡನೆಯೂ 2011ರಲ್ಲಿ ಒಂದು ಹಾಡು ಮಾಡಿದ್ದಾರೆ. ಇದನ್ನೆಲ್ಲ ನಾನು ಅಂಗಡಿಗೆ ಬಂದ ಕಂಪನಿಯ ಸೇಲ್ಸ್‌ಮನ್ನರಿಗೆ ಹೇಳುತ್ತೇನೆ. ಅವರು ಯೂರಿಯಾ ಆರ್ಡರ್ ಸಿಗುವವರೆಗೆ ತಾಳ್ಮೆಯಿಂದ ಕೇಳುತ್ತಾರೆ.

ಊರಿಗೆ ಮರಳಿದ ಮೇಲೆ ಸ್ವರಾತ್ಮವನ್ನು ಇಲ್ಲಿಗೂ ತರುವ ಹಟ ಹುಟ್ಟಿತು. ಮೆಮೊರಿ ಕಾರ್ಡಿನ ಕಾಲವದು. ಸೇಡಂ ಬಸ್‌ಸ್ಟ್ಯಾಂಡಿನ ಸುತ್ತಲ ಮೊಬೈಲ್ ಅಂಗಡಿಗಳಲ್ಲಿ ಇಪ್ಪತ್ತು, ಮೂವತ್ತು ರೂಪಾಯಿ ಕೊಟ್ಟರೆ ಕಾರ್ಡು ತುಂಬ ಹಾಡು ತುಂಬಿ ಕೊಡುತ್ತಿದ್ದರು. ನಾನು ಹೋಗಿ ಸ್ವರಾತ್ಮದ ಹಾಡು ಬೇಕೆಂದೆ. ಹುಡುಗ ಕಂಪ್ಯೂಟರಿನಲ್ಲಿ ಬಹಳ ಹೊತ್ತು ತಡಕಾಡಿ, ‘ದೇವರ ಹಾಡೇನ್ರಿ ಅಣ್ಣ?’ ಎಂದ. ಅಲ್ಲಪ್ಪ, ಬ್ಯಾಂಡಿನವರು ಅಂದೆ. ಅವನು ತಲೆಯಾಡಿಸಿ ಕಾರ್ಡು ತುಂಬಿಸಿಯೇಬಿಟ್ಟ. ಮನೆಗೆ ಬಂದು ಹಚ್ಚಿದರೆ ಅರ್ಧ ಅಯ್ಯಪ್ಪನ ಭಜನೆ, ಅರ್ಧ ಮದುವೆಯ ಬ್ರಾಸ್ ಬ್ಯಾಂಡು. ಅವ್ವನಿಗೆ ಆ ಕಾರ್ಡು ಬಹಳ ಸೇರಿತು. ‘ನೀ ಹೇಳಿದ್ದಕ್ಕಿಂತ ಭಾಳ ಚಲೋ ಹಾಡ್ತಾರಪಾ ನಿನ್ನ ಬೆಂಗಳೂರಿನೋರು’ ಎಂದಳು. ಸ್ವರಾತ್ಮಕ್ಕೆ ನಮ್ಮ ಮನೆಯಲ್ಲಿ ಸಿಕ್ಕ ಮೊದಲ ಪ್ರಶಂಸೆ ಅದು. ಹಾಡಿದವರು ಬೇರೆಯವರಾಗಿದ್ದರು ಅಷ್ಟೆ.

ಕಾರ್ಯಕ್ರಮ ನೋಡಲು ಬೆಂಗಳೂರಿಗೆ ಹೊರಟರೂ ಅವ್ವನ ಪ್ರಶ್ನೆ ಒಂದೇ: ‘ಬ್ಯಾಂಡ್ ಕೇಳ್ಲಾಕ ಹೊಂಟೀನಂತಿ, ಯಾರ ಮದುವಿ ಅದು?’ ಸೇಡಂನಿಂದ ವಾಡಿ, ವಾಡಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್. ನಿಜಾಮರ ಕಾಲದಲ್ಲಿ, 1874ರಲ್ಲಿ ಸಿಕಂದರಾಬಾದಿನಿಂದ ವಾಡಿಗೆ ರೈಲು ಹಳಿ ಹಾಕಿದವರು ಮುಂದೊಂದು ದಿನ ಆಡಕಿಯ ಗೊಬ್ಬರದ ಅಂಗಡಿಯವನೊಬ್ಬ ಗಿಟಾರು ಕೇಳಲು ಈ ದಾರಿ ಹಿಡಿದಾನು ಅಂದುಕೊಂಡಿರಲಾರರು. ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಮುಂಬೈ, ಹೈದರಾಬಾದು, ಚೆನ್ನೈ ಮೂರೂ ಕಡೆಯ ಗಾಡಿಗಳಿಗೆ ಕಾದವರು ಗಂಟುಮೂಟೆಗಳ ಮೇಲೆ ತಲೆಯಿಟ್ಟು ಮಲಗಿರುತ್ತಾರೆ. ‘ಎಲ್ಲಿ ಕೆಲಸ?’ ಎಂದು ಕೇಳುತ್ತಾರೆ. ಕೆಲಸಕ್ಕಲ್ಲ, ಹಾಡು ಕೇಳಲು ಎಂದರೆ ಅವರು ಮೆಲ್ಲಗೆ ತಮ್ಮ ಗಂಟನ್ನು ಹತ್ತಿರ ಎಳೆದುಕೊಳ್ಳುತ್ತಾರೆ.

ನನ್ನ ಹುಚ್ಚನ್ನು ಊರಿನಲ್ಲಿ ಗಂಭೀರವಾಗಿ ತೆಗೆದುಕೊಂಡವರು ಒಬ್ಬರೇ, ಭಜನೆ ಕಾಕಾ. ಹಗಲು ಹೊಲ, ರಾತ್ರಿ ಹಾರ್ಮೋನಿಯಂ. ಒಂದು ಮಧ್ಯಾಹ್ನ ಔಷಧಿ ಪಂಪಿನ ವಾಷರ್ ಕೇಳಲು ಬಂದವರು ಮೊದಲ ಆಲ್ಬಮ್ ಪೂರ್ತಿ ಮುಗಿಯುವವರೆಗೆ ಚೀಲದ ಮೇಲೆ ಕೂತು ಕೇಳಿದರು. ಕೇಳಿ ತೀರ್ಪು ಕೊಟ್ಟರು: ‘ತಾಳ ಚಲೋ ಹಿಡದಾರ. ಕೊರಳೂ ಬಂದದ. ಆದ್ರ ತಮ್ಮಾ, ಐದು ಮಿನಿಟಿನ್ಯಾಗ ಮುಗಿಯೋದು ಎಂಥಾ ಹಾಡು? ಜೀವ ಬೆಚ್ಚಗಾಗೋದ್ರೊಳಗ ಎದ್ದು ಹೋದಂಗಾತು.’ ಸಂಗೀತ ವಿಮರ್ಶೆ ಎಂದು ನಾನು ಓದಿದ್ದರಲ್ಲಿ ಇದಕ್ಕಿಂತ ನೇರವಾದದ್ದು ಕಡಿಮೆ.

ಅವರನ್ನು ಗೆಲ್ಲಲು ರಘು ದೀಕ್ಷಿತ್ ಪ್ರಾಜೆಕ್ಟ್‌ನ 2008ರ ಆಲ್ಬಮ್ ಹಚ್ಚಿದೆ. ಅದರಲ್ಲಿ ಶಿಶುನಾಳ ಷರೀಫರ ಪದಗಳಿವೆ; ಗಿಟಾರಿನ ಜೊತೆಗೆ. ಕಾಕಾ ತಲೆದೂಗಿದರು. ಆದರೆ ಮುಗಿದ ಮೇಲೆ ಅವರ ಮುಖ ಸಪ್ಪಗಿತ್ತು. ‘ಷರೀಫಜ್ಜ ದೊಡ್ಡಾಂವ, ಖರೇ. ಅವನ್ನ ಎಲ್ಲಾರೂ ಹಾಡ್ತಾರ. ನಮ್ಮ ಕಡಕೋಳ ಮಡಿವಾಳಪ್ಪಗ ಯಾಕ ಯಾರೂ ಗಿಟಾರ್ ಹಚ್ಚವಲ್ರು?’ ನನಗೆ ತಕ್ಷಣ ಉತ್ತರ ತೋಚಲಿಲ್ಲ. ಷರೀಫರಿಗೆ ಸಿ. ಅಶ್ವತ್ಥ್ ಸಿಕ್ಕರು, 1990ರಲ್ಲಿ ನಾಗಾಭರಣರ ಸಿನೆಮಾ ಸಿಕ್ಕಿತು, ಆಮೇಲೆ ಗಿಟಾರಿನವರೂ ಸಿಕ್ಕರು. ಜೇವರ್ಗಿ ಸೀಮೆಯ ಮಡಿವಾಳಪ್ಪನಿಗೆ, ಅವನ ಶಿಷ್ಯರಾದ ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲುಗಬಾಳ ರೇವಪ್ಪರಿಗೆ ಸಿಕ್ಕದ್ದು ನಮ್ಮ ಊರೂರಿನ ಭಜನೆಯವರು ಮಾತ್ರ. ಶಿಷ್ಯರಲ್ಲಿ ಒಬ್ಬ ಮುಸಲ್ಮಾನ, ಜಾತಿಯ ಲೆಕ್ಕ ಕೇಳದ ಬಳಗ. ಆಲ್ಬಮ್ಮಿಲ್ಲ, ಪೋಸ್ಟರಿಲ್ಲ. ಇನ್ನೂರು ವರ್ಷಗಳ ಹತ್ತಿರಹತ್ತಿರ ಕೊರಳಿನಿಂದ ಕೊರಳಿಗೆ ದಾಟಿ ಬಂದಿದ್ದಾರೆ.

ಕಾಕಾ ಮಾತಿನಿಂದ ನನ್ನ ಹುಚ್ಚು ಕಡಿಮೆಯಾಗಲಿಲ್ಲ; ಅದಕ್ಕೊಂದು ನೆಂಟಸ್ತಿಕೆ ಸಿಕ್ಕಿತು. ಎಲ್ಲೆಲ್ಲಿ ಇಂಥ ಕಡಿಮೆ ಜನ ಕೇಳುವ, ಕೇಳಿದವರು ಬಿಡದ ಹಾಡುಗಾರರಿದ್ದಾರೆ ಎಂದು ಹುಡುಕತೊಡಗಿದೆ. ಕೊಲ್ಕತ್ತದಲ್ಲಿ 1970ರ ದಶಕದ ನಡುವೆ ‘ಮೊಹೀನೇರ್ ಘೋಡಾಗುಲಿ’ ಎಂಬ ಬ್ಯಾಂಡ್ ಇತ್ತು. ಬಂಗಾಳಿಯಲ್ಲಿ ರಾಕ್ ಹಾಡಿದ ಮೊದಲಿಗರಲ್ಲಿ ಅವರೂ ಸೇರುತ್ತಾರೆ. ಅವರ ಕಾಲ ಅವರನ್ನು ಗುರುತಿಸಲಿಲ್ಲ. 1981ರಲ್ಲಿ ಬ್ಯಾಂಡ್ ಚದುರಿತು. 1995ರಲ್ಲಿ ಅವರ ಹೆಸರಿನಲ್ಲಿ ಮತ್ತೆ ಆಲ್ಬಮ್ಮೊಂದು ಬಂದಾಗ ಬಂಗಾಳದ ಕಾಲೇಜು ಹುಡುಗರೆಲ್ಲ ಅದನ್ನೇ ಗುನುಗತೊಡಗಿದರು. ಅವರ ಹೆಸರಿನಲ್ಲೂ ಕುದುರೆಗಳಿವೆ. ನಮ್ಮ ದೇಶದ ಬ್ಯಾಂಡುಗಳಿಗೂ ಕುದುರೆಗಳಿಗೂ ಏನೋ ಋಣವಿದೆ.

ದಿಲ್ಲಿಯ ‘ಇಂಡಿಯನ್ ಓಶನ್’ ಇನ್ನೊಂದು. 1990ರಲ್ಲಿ ಹುಟ್ಟಿದ ಬ್ಯಾಂಡು. 2000ದಲ್ಲಿ ಬಂದ ‘ಕಂದೀಸಾ’ ಅವರಿಗೆ ಹೆಸರು ತಂದಿತು. ತಬಲಾ ಬಾರಿಸುತ್ತಲೇ ಹಾಡುತ್ತಿದ್ದ ಅಶೀಮ್ ಚಕ್ರವರ್ತಿ 2009ರ ಡಿಸೆಂಬರಿನಲ್ಲಿ ತೀರಿಕೊಂಡರು. ಬ್ಯಾಂಡು ನಿಲ್ಲಲಿಲ್ಲ, ಅವರ ಕೆಲಸ ಹಂಚಿಕೊಳ್ಳಲು ಒಬ್ಬರ ಬದಲು ಇಬ್ಬರು ಬಂದರು. ‘ಮೊದಲಿನ ಹಂಗಿಲ್ಲ’ ಎಂದು ಅಭಿಮಾನಿಗಳು ಇಂದಿಗೂ ಹೇಳುತ್ತಾರೆ, ಹೇಳುತ್ತಲೇ ಟಿಕೆಟ್ ಕೊಳ್ಳುತ್ತಾರೆ.

ಅಮೆರಿಕದ ಡೆಟ್ರಾಯಿಟ್‌ನ ರೊಡ್ರಿಗೆಜ್ ಕಥೆಯನ್ನು ನಾನು ಕಾಕಾಗೆ ಹೇಳಿದ್ದುಂಟು. 1970ರಲ್ಲಿ ‘ಕೋಲ್ಡ್ ಫ್ಯಾಕ್ಟ್’ ಎಂಬ ಆಲ್ಬಮ್ ಮಾಡಿದ. ಅವನ ದೇಶದಲ್ಲಿ ಯಾರೂ ಕೊಳ್ಳಲಿಲ್ಲ. ಹಳೆಯ ಮನೆಗಳನ್ನು ಕೆಡವುವ ಕೂಲಿಗೆ ಹೋದ. ಅತ್ತ ದಕ್ಷಿಣ ಆಫ್ರಿಕಾದಲ್ಲಿ ಅವನ ಹಾಡುಗಳು ಮನೆಮಾತಾಗಿದ್ದವು. ಆ ಸುದ್ದಿ ಅವನಿಗೇ ಗೊತ್ತಿರಲಿಲ್ಲ. ಅಲ್ಲಿನ ಅಭಿಮಾನಿಗಳು ಅವನು ಸತ್ತೇಹೋಗಿದ್ದಾನೆ ಎಂದು ನಂಬಿದ್ದರು. ಹುಡುಕಿ ಪತ್ತೆ ಹಚ್ಚಿ 1998ರಲ್ಲಿ ಕರೆಸಿದಾಗ ಸಾವಿರಾರು ಜನ ಅವನ ಹಾಡನ್ನು ಅವನಿಗಿಂತ ಚೆನ್ನಾಗಿ ಬಾಯಿಪಾಠ ಒಪ್ಪಿಸಿದರು. 2012ರಲ್ಲಿ ಇದು ಸಾಕ್ಷ್ಯಚಿತ್ರವಾಯಿತು, ಮರುವರ್ಷ ಆಸ್ಕರನ್ನೂ ಪಡೆಯಿತು. ಕಾಕಾ ಎಲ್ಲ ಕೇಳಿ ಒಂದೇ ವಿವರ ಹಿಡಿದುಕೊಂಡರು. ‘ಹಗಲೆಲ್ಲ ಕಲ್ಲು, ಗ್ವಾಡಿ ಒಡಿತಿದ್ನಾ?’ ಹೌದು ಕಾಕಾ. ‘ರಾತ್ರಿ ಹಾಡ್ತಿದ್ನಾ?’ ಹೌದು. ‘ಹಂಗಾರ ನಮ್ಮಂವ ಬಿಡು.’

ಪರಸಿ ಗಣಿಯಲ್ಲಿ ಹಗಲು ಕಲ್ಲೆತ್ತಿ ರಾತ್ರಿ ದಮ್ಮಡಿ ಬಾರಿಸುವವರು ಕಾಕಾನ ಮೇಳದಲ್ಲೇ ಇದ್ದಾರೆ. ಶ್ರಾವಣದ ಸೋಮವಾರ ರಾತ್ರಿ ಗುಡಿಯಲ್ಲಿ ಅವರು ಕೂತರೆ ಏಳುವುದು ಬೆಳ್ಳಿ ಮೂಡಿದ ಮೇಲೆ. ಒಬ್ಬರು ಒಂದು ಪದ ಎತ್ತಿ ಪ್ರಶ್ನೆ ಹಾಕಿದರೆ ಎದುರು ಮೇಳದವರು ಇನ್ನೊಂದು ಪದದಲ್ಲೇ ಉತ್ತರ ಕೊಡಬೇಕು. ಉತ್ತರ ಬಾರದಿದ್ದರೆ ಚಹಾ ಕುಡಿಯುವ ನೆಪದಲ್ಲಿ ಹೊರಗೆ ಹೋಗಿ ಹಿರಿಯರನ್ನು ಎಬ್ಬಿಸಿ ಕೇಳಿಕೊಂಡು ಬರುತ್ತಾರೆ. ಸಂಭಾವನೆ ಎಂದರೆ ಚಹಾ, ಚುರುಮುರಿ ಸುಸಲಾ, ಕೊನೆಗೊಂದು ತೆಂಗಿನಕಾಯಿ. ಅವರಿಗೂ ಕಾಯಂ ಕೇಳುಗರಿದ್ದಾರೆ. ಆ ಕೇಳುಗರನ್ನು ಗಮನಿಸಿ ನೋಡಿ ನನಗೆ ಅಚ್ಚರಿಯಾಯಿತು. ‘ಆ ಮುದುಕಪ್ಪ ಹಾರ್ಮೋನಿಯಂಗೆ ಇದ್ದಾಗಿನ ಮಜಾ ಈಗಿಲ್ಲ’ ಎನ್ನುತ್ತಾರೆ. ‘ಮೊದಲು ಬರೇ ಏಕತಾರಿ ಇತ್ತು, ಅದೇ ಚಂದ ಇತ್ತು’ ಎನ್ನುತ್ತಾರೆ. ಮೈಕು ಬಂದ ಮೇಲೆ ಭಜನೆ ಕೆಟ್ಟಿತು ಎನ್ನುತ್ತಾರೆ, ಮೈಕಿಲ್ಲದಿದ್ದರೆ ಕೇಳುವುದಿಲ್ಲ ಎಂದೂ ಜಗಳ ಮಾಡುತ್ತಾರೆ. ‘ಪಿಟೀಲು ಇದ್ದಾಗಿನ ಸ್ವರಾತ್ಮವೇ ಸ್ವರಾತ್ಮ’ ಎಂದು ವಾದಿಸುವ ನಾನೂ ಇದೇ ಜಾತಿಯವನು. ಎಲ್ಲ ಕಾಲದಲ್ಲೂ ಎಲ್ಲ ಅಭಿಮಾನಿಗಳಿಗೂ ತಮ್ಮ ಹರೆಯದಲ್ಲಿ ಕೇಳಿದ್ದೇ ಶ್ರೇಷ್ಠ. ಹಾಡಿನ ಹೆಸರಿನಲ್ಲಿ ಅವರು ಹೊಗಳುತ್ತಿರುವುದು ತಮ್ಮ ಗಟ್ಟಿ ಮೊಣಕಾಲನ್ನು.

ನಮ್ಮ ತಾಲ್ಲೂಕಿನ ಮಳಖೇಡದ ಬಗ್ಗೆ ಒಂದು ಮಾತು ಹೇಳದೆ ಮುಗಿಸಿದರೆ ಸೇಡಂನವರು ನನ್ನನ್ನು ಕ್ಷಮಿಸಲಾರರು. ಕಾಗಿಣಾ ದಂಡೆಯ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಅಳೆಯುತ್ತದೆ. ಈ ನಾಡಿನವರು ಓದು ಬರಹವಿಲ್ಲದೆಯೂ ಕಾವ್ಯ ಬಲ್ಲವರು ಎಂದು ಮೆಚ್ಚುತ್ತದೆ. ಭಾಷಣಕಾರರು ಇದನ್ನು ಪ್ರತಿ ನವೆಂಬರಿನಲ್ಲಿ ಹೇಳಿ ಶಾಲು ಹೊದ್ದು ಹೋಗುತ್ತಾರೆ. ನನಗೆ ಮಾತ್ರ ಅದು ಅಂಗಡಿಯಲ್ಲಿ ಕೂತಾಗ ನಿಜವೆನ್ನಿಸಿದೆ. ಕಾವೇರಿ ಕಡೆಯ ಹುಡುಗರ ಹಾಡನ್ನು ಗೋದಾವರಿ ಕಡೆಯ ಕಾಕಾ ಒಬ್ಬರು ಚೀಲದ ಮೇಲೆ ಕೂತು ತೂಗಿ ನೋಡಿ, ತಾಳಕ್ಕೆ ಮೆಚ್ಚುಗೆ, ಉದ್ದಕ್ಕೆ ತಕರಾರು ಹೇಳಿದರಲ್ಲ, ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ಈಗ ಹಾಡು ಹುಡುಕುವ ಕಷ್ಟವಿಲ್ಲ. ಫೋನಿನಲ್ಲಿ ಬೆರಳಾಡಿಸಿದರೆ ಸಾಕು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಉಂಡು, ಬನ್ನಿ ಗಿಡದ ಕೆಳಗೆ ಅಡ್ಡಾದಾಗ ನಾನು ಸ್ವರಾತ್ಮ ಹಚ್ಚುತ್ತೇನೆ. ಮಗ ಕಿವಿಗೆ ತನ್ನದೇ ಯಂತ್ರ ಸಿಕ್ಕಿಸಿಕೊಂಡು ಇನ್ನೇನೋ ಕೇಳುತ್ತಿರುತ್ತಾನೆ. ‘ಅಪ್ಪಾ, ನಿಮ್ಮ ಬ್ಯಾಂಡಿಗೆ ಇಷ್ಟೇ ವ್ಯೂಸ್ ಅದಾವ ನೋಡ್ರಿ’ ಎಂದು ಆಗಾಗ ತೋರಿಸಿ ನಗುತ್ತಾನೆ. ಅವನ ಪ್ರಕಾರ ಕೋಟಿ ದಾಟದ್ದು ಹಾಡಲ್ಲ. ಹೆಂಡತಿ ಮಧ್ಯಸ್ಥಿಕೆಗೆ ಬರುತ್ತಾಳೆ: ‘ಅವರದು ಅವರು ಕೇಳಲಿ ಬಿಡೋ. ಬ್ಯಾರೆ ಚಟ ಇಲ್ಲಲ್ಲ.’ ಇಷ್ಟು ವರ್ಷಗಳ ಅಭಿಮಾನಕ್ಕೆ ಮನೆಯಲ್ಲಿ ಸಿಕ್ಕ ದೊಡ್ಡ ಪ್ರಶಸ್ತಿ ಇದು.

ಮಗನಿಗೆ ನಾನು ಒಂದು ಲೆಕ್ಕ ಹೇಳಬೇಕೆಂದಿದ್ದೇನೆ. ಕೋಟಿ ಜನ ಕೇಳುವ ನಟನ, ಗಾಯಕನ ಅಭಿಮಾನಿಯೊಬ್ಬ ನಾಳೆ ಬಿಟ್ಟುಹೋದರೆ ಆತನಿಗೆ ಗೊತ್ತೂ ಆಗುವುದಿಲ್ಲ. ಇನ್ನೂರು ಜನ ಕೂತ ಸಭೆಯಿಂದ ಒಬ್ಬ ಎದ್ದರೆ ಹಾಡುವವನಿಗೆ ಖಾಲಿ ಖುರ್ಚಿ ಕಾಣುತ್ತದೆ. ಇಪ್ಪತ್ತು ಜನ ಕೂತ ಗುಡಿಯಿಂದ ಒಬ್ಬ ಎದ್ದರೆ ಪದವೇ ಅರ್ಧಕ್ಕೆ ತಡವರಿಸುತ್ತದೆ. ದೊಡ್ಡವರ ಅಭಿಮಾನಿಗೆ ಹಬ್ಬವಷ್ಟೇ ಇದೆ. ಸಣ್ಣ ಮೇಳದ ಅಭಿಮಾನಿಗೆ ಕೆಲಸವಿದೆ. ಹೋಗಬೇಕು, ಕೂರಬೇಕು, ದುಡ್ಡು ಕೊಟ್ಟು ಕೊಳ್ಳಬೇಕು, ನಾಲ್ಕು ಜನಕ್ಕೆ ಹೇಳಬೇಕು, ಅವರು ನಕ್ಕರೆ ತಡೆದುಕೊಳ್ಳಬೇಕು. ನನಗಂತೂ ಈ ಕೆಲಸದಲ್ಲಿ ಬೇಸರ ಬಂದದ್ದಿಲ್ಲ.

ಆದ್ದರಿಂದ ಓದುಗರಲ್ಲಿ ಎರಡು ಬಿನ್ನಹ. ಬೆಂಗಳೂರು, ಮೈಸೂರಿನ ಕಡೆ ಇರುವವರು ಇಂಥ ಸಣ್ಣ ಬ್ಯಾಂಡಿನ ಕಾರ್ಯಕ್ರಮವಿದ್ದರೆ ಪುಕ್ಕಟೆ ಪಾಸಿಗೆ ಕಾಯದೆ ಟಿಕೆಟ್ ಕೊಂಡೇ ಹೋಗಿ. ನಮ್ಮ ಕಡೆ ಬಂದವರು ಶ್ರಾವಣದಲ್ಲಿ ಗುಡಿಯಿಂದ ದಮ್ಮಡಿ ಕೇಳಿಸಿದರೆ ಒಳಗೆ ಹೋಗಿ ಮುಂದಿನ ಸಾಲಿನಲ್ಲೇ ಕೂರಿ. ನಡುರಾತ್ರಿಗೆ ಚಹಾ ಬರುತ್ತದೆ. ಗಿಟಾರು ಬಾರಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಕಡಕೋಳ ಮಡಿವಾಳಪ್ಪನ ಪದ ಬಲ್ಲ ಕಾಕಾ ಒಬ್ಬರು ಆಡಕಿಯಲ್ಲಿದ್ದಾರೆ, ಕಲಿಸಲು ತಯಾರಿದ್ದಾರೆ. ಹಾಡು ಐದು ನಿಮಿಷಕ್ಕೆ ಮುಗಿಯಕೂಡದು ಎಂಬುದೊಂದೇ ಅವರ ಷರತ್ತು.